ಗಟಾರದ ತಿಳಿನೀರು

“ಏ ಬೋಸುಡಿ, ಸರಿ ಅತ್ತಾಗ. ನಿನ್ನ ನೆಳ್ಳು ನೀರಾಗ ಬೀಳಾಕತ್ತೈತಿ.”

ಗುರುಲಿಂಗಪ್ಪ ಗೌಡರು ಹೀಗೆ ಬೈದದ್ದು ಕುಡಿಯುವ ಬಾವಿಯ ದಂಡೆಯಲ್ಲಿ ಅಲ್ಲ, ಗಟಾರದ ನೀರಿನ ಟಾಕಿಯ ದಂಡೆಯಲ್ಲಿ. ಬೈಸಿಕೊಂಡವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಕೆಂಪವ್ವ. ಅವಳ ತಲೆಯ ಮೇಲಿನ ಬುಟ್ಟಿಯಲ್ಲಿ ಆಗ ತಾನೇ ಬಳಿದ ರಾಡಿ ಇತ್ತು. ಅದರಲ್ಲಿ ಗೌಡರ ವಾಡೆಯ ಪಾಲೂ ಸಾಕಷ್ಟಿತ್ತು.

ಹುಕ್ಕೇರಿಯ ಬಚ್ಚಲು, ಸಂಡಾಸಗಳ ನೀರೆಲ್ಲ ಮೊದಲು ನಮ್ಮ ಹೊಲಗೇರಿಯ ಹಿಂದೆ ಬಂದು ನಿಲ್ಲುತ್ತಿತ್ತು. ನಾರುತ್ತಿತ್ತು, ಸೊಳ್ಳೆ ಹರಿದು ತಿನ್ನುತ್ತಿದ್ದವು. ಆದರೂ ಆ ನೀರು ನಮ್ಮದು, ಬೇಕೆಂದು ಯಾರೂ ಬರುತ್ತಿರಲಿಲ್ಲ. ಅದರ ಬಾಜೂಕ್ಕೇ ಕೆಂಪವ್ವ ಬದನೆ ಹಚ್ಚಿದ್ದಳು. ಗಂಡ ಸತ್ತ ಮೇಲೆ ಅವಳ ಹೆಣ್ಣುಮಕ್ಕಳು ಉಂಡದ್ದು ಆ ಬದನೆಯ ಮೇಲೆಯೇ.

ಆಮೇಲೆ ಬೆಳಗಾವಿಯಿಂದ ಸರಕಾರಿ ಕಟ್ಟಡದ ಕೆಲಸ ನೋಡುವ ವರ್ಸೇರ ಸಾಹೇಬ ಬಂದ. ಎರಡು ಟಾಕಿ ಕಟ್ಟಿಸಿದ. ಮೊದಲನೆಯದರಲ್ಲಿ ಹೊಲಸು ತಳಕ್ಕೆ ಕೂರಬೇಕು, ಮೇಲಿನ ನೀರು ಖಡಿ, ಉಸುಕಿನೊಳಗೆ ಸೋಸಿ ಎರಡನೆಯದಕ್ಕೆ ಇಳಿಯಬೇಕು. ತಳದ ಹೊಲಸು ಬಳಿಯುವವರು ಯಾರು, ಖಡಿ ತೊಳೆಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಅದೇನು ಕೇಳುವ ಮಾತೇ? ಎರಡನೆಯ ಟಾಕಿ ತುಂಬಿದ ದಿನ ಸಾಹೇಬ ಗ್ಲಾಸಿನಲ್ಲಿ ನೀರು ಹಿಡಿದು ಬಿಸಿಲಿಗೆ ತೋರಿಸಿ “ಶುದ್ಧ” ಎಂದ. ಆ ಒಂದು ಮಾತು ನಮ್ಮ ಬಾಯಿಗೆ ಮಣ್ಣು ಹಾಕಿತು. ಶುದ್ಧವಾದದ್ದು ನಮ್ಮದು ಹೇಗಾದೀತು? ಗೌಡರು ತಮ್ಮ ಕಬ್ಬಿಗೆ ಕಾಲುವೆ ತೋಡಿಸಿಕೊಂಡರು. ಪೂಜಾರಿ ಟಾಕಿಗೆ ಕುಂಕುಮ ಏರಿಸಿ ಕಾಯಿ ಒಡೆದ. ಕೆಂಪವ್ವನ ಬದನೆ ಬಾಡಿ ತಲೆ ಬಾಗಿಸಿತು.

ಬೈಗುಳ ಕೇಳಿದ ಕೆಂಪವ್ವ ಬುಟ್ಟಿ ಇಳಿಸಿದಳು. ನನ್ನ ಕಡೆ ನೋಡಿದಳು.

“ಹನಮಕ್ಕಾ, ನನ್ನ ನೆಳ್ಳಿಗೇ ಇಷ್ಟ ಅಂಜತಾರಲ್ಲ ಇವ್ರು.”

ಹಾಗೆಂದವಳೇ ಸೀರೆ ಮೇಲೆ ಕಟ್ಟಿ ತಿಳಿನೀರಿಗೆ ಇಳಿದುಬಿಟ್ಟಳು.

“ಹಲ್ಕಟ್ ರಂಡಿ, ನೀರ ಮುಟ್ಟಿದಿಯಲ್ಲ!”

“ಹೌದ್ರಿ ಯಪ್ಪಾ, ಮುಟ್ಟೇನಿ. ಇನ್ನ ಕಬ್ಬಿಗಿ ಬಿಡಬ್ಯಾಡ್ರಿ. ಬೆಲ್ಲ ಮೈಲಿಗಿ ಆಕ್ಕೈತಿ.”

ಗೌಡರ ಮುಖ ನೋಡಬೇಕಿತ್ತು. ಅವರ ಬೆಲ್ಲ ಗುಡಿಯ ನೈವೇದ್ಯಕ್ಕೆ ಹೋಗುವಂಥದ್ದು. ಸಂತೆಯಲ್ಲಿ ಈ ಸುದ್ದಿ ಹಬ್ಬಿದರೆ ಒಂದು ಪೆಂಟೆಯನ್ನೂ ಯಾರೂ ಮೂಸುವುದಿಲ್ಲ. ತಾವೇ ಓಡಿಹೋಗಿ ಕಾಲುವೆಗೆ ಮಣ್ಣು ಮುಚ್ಚಿಸಿದರು. ಪೂಜಾರಿ ಬಂದು ಗಂಜಳ ಸಿಂಪಡಿಸಿ ಶುದ್ಧ ಮಾಡಿದ. ಮರುದಿನ ಕೆಂಪವ್ವ ಮತ್ತೆ ಇಳಿದಳು. ಮತ್ತೆ ಗಂಜಳ. ಅದರ ಮರುದಿನ ನಾನೂ ಇಳಿದೆ. ಸುಳ್ಳೇಕೆ ಹೇಳಲಿ, ನೀರು ತಂಪಾಗಿತ್ತು, ಬಲು ಖುಷಿಯಾಯಿತು. ಕಡೆಗೆ ಪೂಜಾರಿಯೇ ಕೈ ಮುಗಿದ.

“ಗೌಡ್ರ, ಒಂದ ಆಕಳಾ ದಿನಾ ಎಷ್ಟಂತ ಉಚ್ಚಿ ಹೊಯ್ದೀತ್ರಿ?”

ಇವತ್ತು ಗೌಡರು ಬಾರಕೋಲು ಹಿಡಿದ ಆಳುಗಳನ್ನು ಕರೆದುಕೊಂಡು ಬಂದರು. ಅಷ್ಟರಲ್ಲಿ ಇಡೀ ಕೇರಿ ಟಾಕಿಯೊಳಗಿತ್ತು, ಕೋಲು ನಿಲುಕದ ಹಾಗೆ ನಡುವೆ.

“ಪರಸ್ಯಾ, ಇಳದು ಎಳಿಯೋ ಅವ್ರನ್ನ.”

ಆಳು ಪರಸಪ್ಪ ಹಿಂದೆ ಸರಿದ. “ನಾ ಒಲ್ಲೆರಿ. ಆ ನೀರಾಗ ಇಳದ್ರ ನಮ್ಮವ್ವ ನನ್ನ ಮನಿ ಒಳಗ ಬಿಡೂದಿಲ್ಲ.”

ನಾವು ನಕ್ಕೆವು. ಗೌಡರು ನಗಲಿಲ್ಲ. ಫೌಜದಾರನಿಗೆ ಹೇಳಿಕಳಿಸಿದರು. ಆಗ ನಮ್ಮ ನಗುವೂ ನಿಂತಿತು. ಫೌಜದಾರನ ಲಾಠಿಗೆ ಮೈಲಿಗೆ ಇಲ್ಲ, ಅದು ನಮಗೆಲ್ಲ ಗೊತ್ತು.

ಕೆಂಪವ್ವ ಮುಳುಗಿ, ಕೇರಿಯ ಕಡೆಯ ತೂಬಿಗೆ ಗೌಡರು ತುರುಕಿಸಿದ್ದ ಅರಿವೆಗಂಟನ್ನು ಕಿತ್ತಳು. ನೀರು ಬದನೆಯ ಸಾಲಿಗೆ ಹರಿಯಿತು.

“ಬರ್ಲಿ ಬಿಡ ಫೌಜದಾರ,” ಎಂದಳು ಮುಖ ಒರೆಸಿಕೊಳ್ಳುತ್ತ. “ಅಂವಾ ಬರೂತನಾ ಗಿಡಾ ಕುಡೀತಾವು.”

ರಸ್ತೆಯಲ್ಲಿ ಧೂಳು ಎದ್ದಿತು. ನಾವು ಯಾರೂ ಮೇಲೇರಲಿಲ್ಲ.