ಸನ್ಮಾನ ಪತ್ರ ಬರೆದದ್ದು ಯಾರು?

ತನ್ನಲ್ಲೂ ಅಣ್ಣನಷ್ಟೇ ಜಂಬ ಇದೆಯೇನೋ, ಅದನ್ನು ಮುಚ್ಚಿಡುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೇನೋ ಎಂಬ ಅಳುಕು ಹರಿಣಿಗೆ ಮುಲುಂಡಿನಲ್ಲಿ ಲೋಕಲ್ ರೈಲು ಹತ್ತುವಾಗಲೇ ಶುರುವಾಗಿತ್ತು. ಸ್ವಮೋಹ ಸರಾಸರಿಯಲ್ಲಿ ಗಂಡಸರಿಗೆ ತುಸು ಹೆಚ್ಚು ಎಂದು ಮನಶ್ಶಾಸ್ತ್ರದ ತರಗತಿಯಲ್ಲಿ ಓದಿದ್ದಳು. ಆದರೆ ಸರಾಸರಿ ಎಂದರೆ ತಾನಲ್ಲವಲ್ಲ.

ನಾಟಕಗಳಲ್ಲಿ ಹೆಸರು ಮಾಡಿದ ಅಣ್ಣ ಅಕ್ಷಯನಿಗೆ ಅಂದು ಮಾಟುಂಗದ ಕನ್ನಡ ಸಂಘದಲ್ಲಿ ಸನ್ಮಾನ. ಸನ್ಮಾನ ಪತ್ರವನ್ನು ಸನ್ಮಾನಿತರೇ ಮನೆಯಲ್ಲಿ ಬರೆಸಿ ತರುವುದು ಆ ಸಂಘದ ರೂಢಿ. "ಬಹುಮುಖ ಪ್ರತಿಭೆ ಅಂತ ಹಾಕು, ಯುವಕರ ಕಣ್ಮಣಿ ಅಂತಲೂ ಹಾಕು," ಎಂದು ಅವನು ಬರೆಯಲು ಕೂತ ಹರಿಣಿಗೆ ಹೇಳುತ್ತ ಹೋಗಿದ್ದ. ಅವಳು ಅದನ್ನೆಲ್ಲ ಬಿಟ್ಟು, ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ನಾಟಕದ ಮಾತು ಬಾಯಿಪಾಠ ಮಾಡುತ್ತಿದ್ದ ಹುಡುಗನ ಬಗ್ಗೆ ಬರೆದಿದ್ದಳು. ಅದನ್ನು ಓದುವಾಗ ಸಭೆ ಕೆಮ್ಮುವುದನ್ನೂ ಮರೆತಿತ್ತು.

ಕಾಫಿಯ ಹೊತ್ತಿಗೆ ಅಧ್ಯಕ್ಷರು ಬಂದರು. "ಎಂಥ ಕನ್ನಡ ಮಾರಾಯ್ರೆ! ಯಾರು ಬರ್ದದ್ದು?"

"ನಾನೇ ಸಾರ್, ಮತ್ಯಾರು? ಟೈಮ್ ಎಲ್ಲಿತ್ತು, ಐಸೇಹೀ, ಸುಮ್ನೆ ಗೀಚಿದ್ದು," ಎಂದ ಶಾಲು ಹೊದ್ದಿದ್ದ ಅಕ್ಷಯ.

ಹರಿಣಿ ಪಕ್ಕದಲ್ಲಿದ್ದ ಅಮ್ಮನ ಮುಖ ನೋಡಿದಳು.

"ಬಿಡು ಮಾರಾಯ್ತಿ, ಗಂಡು ಹುಡುಗ, ಸ್ವಲ್ಪ ಹೇಳಿಕೊಳ್ತಾನೆ," ಎಂದು ಅಮ್ಮ ಪಿಸುಗುಟ್ಟಿದರು. ತನ್ನ ಪಲ್ಯ ಚೆನ್ನಾಗಿದೆ ಎಂದು ಮೊನ್ನೆ ಅವಳೇ ಅಂದದ್ದಕ್ಕೆ, "ಎಷ್ಟು ಜಂಬ ಇವಳಿಗೆ!" ಎಂದವರೂ ಇದೇ ಅಮ್ಮ.

ಆ ಹೊಗಳಿಕೆ ಅವಳಿಗೂ ಬೇಕಿತ್ತು. ಜಂಬವಾದರೆ ಆಗಲಿ ಎಂದುಕೊಂಡು ಲೋಟ ಕೆಳಗಿಟ್ಟಳು.

"ಬರ್ದದ್ದು ನಾನು ಸಾರ್. ಚೆನ್ನಾಗಿಯೇ ಬರ್ದಿದ್ದೇನೆ."