ಒಂದು ಗೇಣು ನಳಿಗೆ

ಎಣ್ಣೆ ಡಬ್ಬಿಯ ಬಾಯಿಗೆ ಅರಿವೆ ತುರುಕಿದೆ, ಬಿಳಿಯದು, ಹಳೆಯ ಧೋತರದ ಚೂರಿರಬೇಕು, ಬಸ್ಸು ತಗ್ಗಿಗಿಳಿದಾಗೊಮ್ಮೆ ಡಬ್ಬಿ ಕುಲುಕುತ್ತದೆ, ಅರಿವೆ ಎಣ್ಣೆ ಕುಡಿದು ಹಳದಿಯಾಗುತ್ತದೆ, ಹನಿ ಮಾತ್ರ ಹೊರಗೆ ಬಾರದು, ಎಷ್ಟು ಬಿಗಿಯಾಗಿ ತುರುಕಿದ್ದಾಳೆ ಮುದುಕಿ — ಏನ ನೋಡಾಕತ್ತೀರಿ ಆಚಾರ್ರ, ಶೇಂಗಾ ಎಣ್ಣಿ ಐತ್ರಿ, ಗಾಣದ್ದು, ಎಂದಳು ಮುದಕವ್ವ, ದೃಷ್ಟಿ ತಾಗೀತೆಂಬಂತೆ ಡಬ್ಬಿಯನ್ನು ಸೆರಗಿನಡಿಗೆ ಎಳೆದುಕೊಳ್ಳುತ್ತ — ರಘೋತ್ತಮ ನಗಲು ಹೋದ, ನಗೆ ಅರ್ಧಕ್ಕೇ ನಿಂತಿತು, ಅರಿವೆ, ಗಂಗಯ್ಯನ ಬಂದೂಕಿನ ಬಾಯಿಗೆ ತಾನೂ ಹೀಗೇ ತುರುಕಿದ್ದನಲ್ಲ, ನಳಿಗೆ ಕಡಿಯುವಾಗ ಕಬ್ಬಿಣದ ಪುಡಿ ಒಳಗಿಳಿಯಬಾರದೆಂದು ಬೆರಳಿನಿಂದ ಒತ್ತಿ ಒತ್ತಿ, ಹೊರಗೆ ಕಾಣದಷ್ಟು ಒಳಗೆ, ತೆಗೆದೆನೇ, ತೆಗೆದಿರಬೇಕು, ಯಾವಾಗ, ಲೇತು ನಿಲ್ಲಿಸಿದ ಮೇಲೆ ಕೈ ತೊಳೆದದ್ದು ನೆನಪಿದೆ, ಆಯುಧಗಳ ಖಂಡೆ ಪೂಜೆಗೆ ಹೊತ್ತಾಯಿತೆಂದು ಮಡಿ ಉಟ್ಟದ್ದು ನೆನಪಿದೆ, ಅರಿವೆ ತೆಗೆದದ್ದು — ಇಲ್ಲ, ಆ ಜಾಗದಲ್ಲಿ ನೆನಪೇ ಇಲ್ಲ, ಅಲ್ಲೊಂದು ತೂತು. ಬೈಲಹೊಂಗಲದ ಅಂಗಡಿಯಲ್ಲಿ ಮಣೆಯ ಮೇಲೆ ಡ್ರಿಲ್ಲು, ಸ್ಪ್ಯಾನರು, ಸುತ್ತಿಗೆ, ನಡುವೆ ಆ ರೈಫಲ್ಲು, ಗಂಗಯ್ಯನ ಅಜ್ಜ ಶಿಕಾರಿಗೆ ಒಯ್ಯುತ್ತಿದ್ದದ್ದು, ಈಗ ಬೆಳೆ ಕಾಯಲು ಲೈಸೆನ್ಸಿನ ಮೇಲೆ ಉಳಿದದ್ದು, ತಾನೇ ಗಂಧ ಹಚ್ಚಿದ, ತಾನೇ ನಳಿಗೆಯ ಬಾಯ ಸುತ್ತ ಕುಂಕುಮದ ಉಂಗುರ ಬರೆದ, ಕೆಂಪಗೆ, ದುಂಡಗೆ, ಮುತ್ತೈದೆಯ ಹಣೆಯಂತೆ, ಪೂಜೆಯಾದ ಮೇಲೆ ಅದು ಆಯುಧವಲ್ಲ, ದೇವರು, ಬನ್ನಿ ಕೊಡುವ ತನಕ ಮುಟ್ಟುವಂತಿಲ್ಲ, ನಿನ್ನೆ ಸಂಜೆ ಗಂಗಯ್ಯ ಬಂದ, ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಆಚಾರ್ರ ಎಂದು ಎಡಗೈಯಿಂದ ಎಲೆ ಕೊಟ್ಟ, ಬಲಗೈಯಲ್ಲಿ ಆಗಲೇ ಬಂದೂಕು, ಹೂವಿನ ಹಾರದ ಸಮೇತ ಗೋಣಿಯಲ್ಲಿ ಸುತ್ತಿ ಒಯ್ದೇಬಿಟ್ಟ. ತಡೀರಿ, ಒಂದು ಸಲ ನೋಡಿ ಕೊಡತೇನಿ ಅನ್ನಬಹುದಿತ್ತು. ದೇವರ ಬಾಯೊಳಗೆ ಬೆರಳಿಟ್ಟು ನೋಡುವವರುಂಟೇ.

ಬಾಯಿ ಕಟ್ಟಿದ ನಳಿಗೆಯಲ್ಲಿ ಗುಂಡು ಹೊರಟರೆ ಗುಂಡಿಗೆ ದಾರಿಯಿಲ್ಲ, ಬೆಂಕಿಗೆ ದಾರಿಯಿಲ್ಲ, ಕಬ್ಬಿಣ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಳ್ಳುತ್ತದೆ, ನಳಿಗೆಯ ಕೆಳಗೆ ಎಡಗೈ ಇರುತ್ತದೆ, ಬನ್ನಿ ಕೊಟ್ಟ ಕೈ, ಅದರ ಮೇಲೆ ಮುಖ — ಪ್ರಾಣದೇವರೇ. ಕಡಿಯುವುದು ಬೇಡವೆಂದು ತಾನು ಮೊದಲೇ ಅಂದಿದ್ದ, ಅಂದರೆ ಬೇಡ ಎಂಬಂತೆ ಏನೋ ಅಂದಿದ್ದ, ನಳಿಗಿ ಗಿಡ್ಡ ಆದ್ರ ಗುಂಡಿನ ಓಟ ಕಡಿಮಿ ಆಗತದ್ರಿ, ಮದ್ದು ಪೂರ್ತಿ ಒಳಗ ಉರಿಯೂದಿಲ್ಲ, ಬೆಂಕಿ ಹೊರಗ ಬರತದ, ಸಪ್ಪಳ ಕಿವಿ ಒಡೀತದ, ಗುರಿನೂ ಜಾರತದ, ಎಂದದ್ದಕ್ಕೆ ಗಂಗಯ್ಯ ಹೊಟ್ಟೆ ಕುಣಿಸಿ ನಕ್ಕ, ಹಂದಿ ಏನ ಮೀಟರ್ ಹಿಡದು ಓಟ ಅಳೀತೈತೇನ್ರಿ, ಗೋವಿನಜೋಳದಾಗ ಹೊಕ್ರ ದಂಟಿಗೆ ಸಿಗತೈತ್ರಿ ಈ ಉದ್ದ ಗಳಾ, ತಿರುಗಸೂದ್ರಾಗ ಹಂದಿ ಮಗಳ ಮನಿಗೆ ಹೋಗಿ ಉಂಡ ಬಂದಿರತೈತಿ, ಒಂದ ಗೇಣ ಕಡೀರಿ. ಅಪ್ಪ ಪಡಸಾಲೆಯಲ್ಲಿ ಭಾರತ ಓದುವಾಗ ತಾನು ಕಂಬಕ್ಕೊರಗಿ ಕೇಳುತ್ತಿದ್ದ, ಕೇಳುವುದಷ್ಟೇ ಬಂತು ಈ ಜನ್ಮಕ್ಕೆ, ಅಪ್ಪ ಪದ್ಯ ನಿಲ್ಲಿಸಿ ಹೇಳುತ್ತಿದ್ದ, ಉಸಿರಿಗೂ ಒಂದು ಉದ್ದ ಅದನೋ, ನಡುವ ಕಡದ್ರ ರಾಗ ದಂಡಿ ಮುಟ್ಟೂದಿಲ್ಲ, ಒದರಿದಂಗ ಆಗತದ ಅಷ್ಟ — ಲೇತಿನ ಮೇಲೆ ಆ ಗೇಣು ತುಂಡು ಬೇರೆಯಾಗಿ ಟ್ರೇಯೊಳಗೆ ಬಿದ್ದಾಗ ಅದೇ ಮಾತು ನೆನಪಾಗಿತ್ತು, ಆದರೂ ಕಡಿದಿದ್ದ, ಕಾಯ್ದೆಗೆ ವಿರುದ್ಧವೆಂದು ಗೊತ್ತಿದ್ದೂ ಕಡಿದಿದ್ದ, ಇಲ್ಲ ಅನ್ನುವ ನಾಲಿಗೆ ಅವನಿಗೆ ಬರಲೇ ಇಲ್ಲ.

ಫೋನು ಹಚ್ಚುತ್ತಾನೆ, ಗಂಟೆ ಹೊಡೆಯುತ್ತದೆ, ಎತ್ತಿದವಳು ಗಂಗಯ್ಯನ ಹೆಂಡತಿ ಸುಂದರವ್ವ, ಅವ್ರು ನಸಕಿನ್ಯಾಗ ಹೊಲಕ್ಕ ಹೋದ್ರಲ್ರಿ, ಹಂದಿ ಹೊಕ್ಕಾವಂತ, ಫೋನ್ ಒದರಿದ್ರ ಓಡಿ ಹೋಗತಾವು ಅಂತ ಇಲ್ಲೇ ಒಗದ ಹೋಗ್ಯಾರ — ಅವರಿಗೆ ಅದನ್ನ ಮುಟ್ಟಬ್ಯಾಡ್ರಿ ಅಂತ ಹೇಳಿ ಕಳಸ್ರಿ — ಯಾವದನ್ರಿ — ಅದ್ರಿ, ನಿನ್ನೆ ನಮ್ಮ ಅಂಗಡಿಯಿಂದ ಒಯ್ದದ್ದು, ಎನ್ನುವಾಗ ಪಕ್ಕದ ಸೀಟಿನ ಖಾಕಿ ಅಂಗಿ ಕತ್ತು ತಿರುಗಿಸಿತು, ಪೊಲೀಸೋ, ವಾಚಮನ್ನೋ, ಯಾರಾದರೇನು, ಬಂದೂಕು ಅಂದರೆ ಯಾವ ಬಂದೂಕು ಅನ್ನುತ್ತಾನೆ, ಯಾರು ಕಡಿದರು ಅನ್ನುತ್ತಾನೆ, ಲೇತಿಗೆ ಸೀಲು, ಕೈಗೆ ಬೇಡಿ — ಬನ್ನಿ ಏನ್ರಿ, ಅದನ್ನ ದೇವರ ಮುಂದ ಇಟ್ಟೇನಿ, ಎನ್ನುತ್ತಿದ್ದಾಳೆ ಸುಂದರವ್ವ — ಹ್ಞೂಂ ಎಂದುಬಿಟ್ಟ, ಫೋನು ಇಟ್ಟುಬಿಟ್ಟ, ಥೂ, ಒಂದು ಶಬ್ದ, ಒಂದೇ ಶಬ್ದ ಬಾಯಿಂದ ಹೊರಡಲಿಲ್ಲ, ಇನ್ನೊಬ್ಬನ ಕೈ ಹೋದರೂ ಸರಿ, ತನ್ನ ಕೈಗೆ ಬೇಡಿ ಬೀಳಬಾರದು, ಇದೇ ಏನು ಇಷ್ಟು ವರ್ಷ ಕೇಳಿದ ಧರ್ಮ. ನಿಲ್ಲಸ್ರಿ, ನಿಲ್ಲಸ್ರಿ. ಟಿಕೀಟ್ ಧಾರವಾಡಕ್ಕೈತಿ, ದೊಡವಾಡ ದಾಟಿ ನಡುಹಾದ್ಯಾಗ ಯಾಕ ಇಳೀತೀರಿ, ಹೊಟ್ಟಿ ಕೆಟ್ಟೈತೇನ್ರಿ, ಕಂಡಕ್ಟರನ ಮಾತಿಗೆ ಬಸ್ಸು ನಗುತ್ತದೆ, ನಗಲಿ.

ರಸ್ತೆಯ ಮಗ್ಗುಲಿಗೇ ಹಳ್ಳದ ದಂಡೆಯ ಹೊಲ, ಗಂಗಯ್ಯನದೇ, ಆಚೆ ತುದಿಯಲ್ಲಿ ಯಾರೋ ತಗಡು ಬಡಿಯುತ್ತಿದ್ದಾರೆ, ಹಂದಿ ಎಬ್ಬಿಸುತ್ತಿದ್ದಾರೆ, ಅಂದರೆ ಇನ್ನೂ ಹೊಡೆದಿಲ್ಲ, ಇನ್ನೂ ಹೊಡೆದಿಲ್ಲ, ಧಡ್ — ಟ್ರ್ಯಾಕ್ಟರು, ರಸ್ತೆಯ ಮೇಲೆ ಬರೀ ಟ್ರ್ಯಾಕ್ಟರು, ಬದುವಿನ ಮೇಲೆ ಸುತ್ತಿ ಹೋದರೆ ತಡವಾಗುತ್ತದೆ, ರಘೋತ್ತಮ ಬೆಳೆಯೊಳಗೇ ನುಗ್ಗಿದ, ತಲೆಗಿಂತ ಎತ್ತರದ ಗೋವಿನಜೋಳ, ಗರಿಯ ಅಂಚು ಕೆನ್ನೆ ಕೊಯ್ಯುತ್ತದೆ, ದಂಟು ಮುರಿಯುತ್ತವೆ, ಧೋತರ ಸಿಕ್ಕಿ ಹರಿಯುತ್ತದೆ, ಬಗ್ಗಿ ಓಡುತ್ತಾನೆ, ಕೂಗಬೇಕು, ಒಳಗ ಅರಿವಿ ಅದ ರೀ ಎಂದು ಕೂಗಬೇಕು, ಯಾರು ಕೇಳಿದರೂ ಕೇಳಲಿ, ನಾ ಕಡದೇನಿ, ನಂದ ತಪ್ಪು ಎಂದು ಊರೆಲ್ಲ ಕೇಳುವಂತೆ, ಗಂಟಲಲ್ಲಿ ಬರೀ ಗಾಳಿ, ಗುರ್ ಗುರ್ ಎಂಬ ಏದುಸಿರು, ಪ್ರಾಣದೇವರೇ ಆ ಕೈ ಉಳಿಸು, ಆ ಕೈ ಉಳಿಸು, ದಂಟು ಸರಿದವು, ಬಯಲು, ನಾಲ್ಕು ಮಾರು ದೂರದಲ್ಲಿ ಗಂಗಯ್ಯನ ಬೆನ್ನು — ಬಂತಲೇ, ಈ ಕಡೆ ಬಂತು, ಎಂದ — ಸಪ್ಪಳ ಬಂದತ್ತ ಬೆನ್ನು ತಿರುಗಿತು, ಬಂದೂಕೂ ತಿರುಗಿತು, ಎಷ್ಟು ಹಗುರಾಗಿ, ಎಷ್ಟು ಚಟ್ಟನೆ, ಆ ಗೇಣು ಇದ್ದಿದ್ದರೆ ದಂಟಿಗೆ ತಾಗಿ ಒಂದು ಕ್ಷಣ ತಡೆಯುತ್ತಿತ್ತು, ತಡೆಯಲಿಲ್ಲ, ಯಾವುದಕ್ಕೂ ತಾಗಲಿಲ್ಲ, ಬಂದು ನಿಂತಿತು, ನೆಟ್ಟಗೆ. ತನ್ನ ಬೆನ್ನ ಹಿಂದೆ ಹೊತ್ತು ಏರಿದೆ, ಬಿಸಿಲು ಸೀದಾ ಗಂಗಯ್ಯನ ಕಣ್ಣಿಗೆ, ಬಂದೂಕಿನ ಬಾಯೊಳಗೆ ಬೀಳುತ್ತಿದೆ, ರಘೋತ್ತಮ ಬಿಳಿಯದನ್ನು ಹುಡುಕಿದ. ಇಲ್ಲ. ಅರಿವೆ ಇಲ್ಲ. ಯಾರೋ ತೆಗೆದಿದ್ದಾರೆ, ಗಂಗಯ್ಯನೇ ತೆಗೆದಿರಬೇಕು, ಒಳಗಿನ ಗೆರೆಗಳು ಸುರುಳಿಯಾಗಿ ಹೊಳೆಯುತ್ತಿವೆ, ಸ್ವಚ್ಛ, ಆ ಕೈ ಉಳಿಯಿತು, ಆ ಕೈಯ ಜೋಡಿ, ಬಲಗೈ, ಟ್ರಿಗರಿನ ಮೇಲೆ ಬೆರಳು ಮಡಿಚುತ್ತಿದೆ, ನಾನ್ರಿ ಎನ್ನಬೇಕು, ಹಂದಿ ಅಲ್ರಿ, ನಾನ್ರಿ, ಬಾಯಿ ತೆರೆದಿದೆ, ಉಸಿರಿಲ್ಲ, ಎದುರಿಗೆ ಇನ್ನೊಂದು ತೆರೆದ ಬಾಯಿ, ಸುತ್ತ ಕುಂಕುಮದ ಉಂಗುರ, ಕೆಂಪಗೆ, ದುಂಡಗೆ, ನಡುವೆ ಕಪ್ಪು, ಉಂಗುರ, ನಡುವೆ ಕಪ್ಪು, ಕಪ್ಪು