ಪೀಟಿ ಮೇಡಂ ಕಾಗದ ಮಡಚಿದ್ದು

ಆ ಕೈಗಳನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಗುಂಡು ಎಸೆದು, ಹಗ್ಗ ಜಗ್ಗಿ, ವಾಲಿಬಾಲಿನ ಕಂಬಗಳನ್ನು ಒಬ್ಬರೇ ನೆಟ್ಟು ಒಬ್ಬರೇ ಕಿತ್ತು ಬಲಿತ ಅಗಲವಾದ ಅಂಗೈಗಳು ಅವು. ಅವು ಒಂದು ಚೌಕ ಕಾಗದವನ್ನು ಎತ್ತಿಕೊಂಡರೆ, ಪಾಪ ಕಾಗದದ ಗತಿ ಏನು ಎಂದು ನೋಡುವವರ ಎದೆ ಧಸಕ್ಕೆನ್ನುತ್ತಿತ್ತು. ಶಾಲೆಯಿಂದ ನಿವೃತ್ತರಾದ ಮೇಲೂ ಬೀದಿಗೆಲ್ಲ ಪೀಟಿ ಮೇಡಂ ಆಗಿಯೇ ಉಳಿದಿದ್ದ ಈ ಮಹಾಕಾಯರು ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಸಂಜೆ ಕಾಗದ ಮಡಚಿ ಆಕಾರ ಮಾಡುವ ಒರಿಗಾಮಿ ಕಲಿಸುತ್ತಾರೆಂದರೆ ಹೊಸಬರು ನಕ್ಕೇಬಿಡುತ್ತಿದ್ದರು. ಅವರ ವಿದ್ಯಾಸಂಪತ್ತೂ ದೊಡ್ಡದೇನಲ್ಲ: ದೋಣಿ, ಟೋಪಿ, ನಾಯಿಯ ಮುಖ, ನೀರು ಕುಡಿಯುವ ಲೋಟ, ಕುಪ್ಪಳಿಸುವ ಕಪ್ಪೆ. ಒಮ್ಮೆ ಹುರುಪಿನಿಂದ ಕೊಕ್ಕರೆಗೆ ಕೈ ಹಾಕಿದ್ದರು. ಅದು ಗಾಳಿಗೆ ಸಿಕ್ಕಿ ಮುರಿದ ಕೊಡೆಯಂತಾಯಿತು. ಅದನ್ನೇ ಕಿಟಕಿಯ ಮೇಲಿಟ್ಟು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದರು.

ಬಣ್ಣ ಮಾಸಿದ ನೀಲಿ ಜಾಕೆಟ್ಟು, ಅದರ ಜೇಬಿನಲ್ಲಿ ಸದಾ ಒಂದು ಸೀಟಿ. ನಡಿಗೆಯಲ್ಲಿ ಕವಾಯತಿನ ತಾಳ. ಎಡಮಂಡಿ ಸವೆದು ತಾಳ ಒಂದಿಷ್ಟು ತಪ್ಪುತ್ತಿದ್ದರೂ ಗತ್ತು ತಪ್ಪಿರಲಿಲ್ಲ. "ಮೂಲೆಗೆ ಮೂಲೆ! ನನ್ನ ಮುಖ ಏನ್ ನೋಡ್ತೀರಿ, ಮೂಲೆ ನೋಡಿ!" ಎಂದು ಮೈದಾನದ ದನಿಯಲ್ಲಿ ಗುಡುಗಿದರೆ ಕೆಳಗೆ ಓದುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು. ಆದರೆ ಯಾರ ಮಡಿಕೆಯಾದರೂ ಸೊಟ್ಟಗಾದರೆ ಅದೇ ದನಿ ತಟ್ಟನೆ ಮೆತ್ತಗಾಗುತ್ತಿತ್ತು. "ಪರವಾಗಿಲ್ಲ, ಬಿಚ್ಚಿ. ನಂದೂ ಹಾಗೇ ಆಗಿದೆ, ನೋಡಿ."

ಇದೆಲ್ಲ ಶುರುವಾದದ್ದು ಅವರ ತಂಗಿಯಿಂದ. ಅಕ್ಕ ತಂಗಿ ಇಬ್ಬರೇ ಇದ್ದ ಮನೆ. ತಂಗಿ ಹೆಸರಾದ ದರ್ಜಿ. ಅವಳ ಹೊಲಿಗೆಯನ್ನು ಒಳಗಿನಿಂದ ತಿರುವಿ ನೋಡಿದರೂ ಒಂದು ದಾರ ಹೊರಗೆ ಇಣುಕುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲೂ ಬಾರದ ಅಕ್ಕನನ್ನು ಗೇಲಿ ಮಾಡುವುದು ಅವಳ ನಿತ್ಯದ ವಿನೋದ. ಹೀಗಿರುವಾಗ ಒಂದು ಬೆಳಿಗ್ಗೆ ಲಕ್ವ ಹೊಡೆದು ಆ ತಂಗಿಯ ಬಲಗೈ ಸೋತುಹೋಯಿತು. ಹೊಲಿಗೆ ಯಂತ್ರಕ್ಕೆ ಅವಳೇ ಎಡಗೈಯಿಂದ ಬಟ್ಟೆ ಮುಚ್ಚಿದಳು. ಬಲಗೈಯನ್ನು ಶಾಲಿನೊಳಗೆ ಅಡಗಿಸಿದಳು. ವ್ಯಾಯಾಮ ಮಾಡಿಸಲು ಬಂದ ಹುಡುಗಿ ಹಿಸುಕಲೆಂದು ರಬ್ಬರ್ ಚೆಂಡು ಕೊಟ್ಟರೆ, "ಚೆಂಡಾಟ ಅಕ್ಕನ ಕಸುಬು, ನಂದಲ್ಲ" ಎಂದು ಮಂಚದ ಕೆಳಗೆ ಉರುಳಿಸಿಬಿಟ್ಟಳು. ಗೇಲಿಯೂ ನಿಂತುಹೋಯಿತು. ಮೇಡಮ್ಮಿಗೆ ಸಹಿಸಲಾಗದ್ದು ಅದೇ.

ಆ ಹುಡುಗಿ ಮುಂದಿನ ಸಲ ಬಂದಾಗ ಮಕ್ಕಳ ಒರಿಗಾಮಿ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಹೋದಳು. ತಂಗಿ ಅತ್ತ ತಿರುಗಿಯೂ ನೋಡಲಿಲ್ಲ. ತಾನಾದರೂ ಕಲಿತು ತೋರಿಸೋಣವೆಂದು ಮೇಡಂ ಕನ್ನಡಕ ಏರಿಸಿ ದೋಣಿಗೆ ಕೂತರು. ಮೊದಲನೆಯದು ದಿಂಬಾಯಿತು, ಎರಡನೆಯದು ಹರಿಯಿತು. ಮೂರನೆಯದನ್ನು ಕಿವಿ ಹಿಂಡುವಂತೆ ಹಿಂಡುತ್ತಿದ್ದಾಗ ಮಂಚದಿಂದ ಎಷ್ಟೋ ದಿನಗಳ ಮೇಲೆ ಆ ಹಳೆಯ ದನಿ ಬಂತು.

"ಅಕ್ಕಾ, ಅದು ಕಾಗದ ಕಣೇ, ಚಪಾತಿ ಹಿಟ್ಟಲ್ಲ!"

"ಹಾಗಾದ್ರೆ ನೀನೇ ಬಾ."

"ಅಂಚಿಗೆ ಅಂಚು ಕೂರಿಸೋದೂ ಬರಲ್ವಾ? ಕೊಡಿಲ್ಲಿ!"

ಎಡಗೈ ಅಂಚನ್ನು ಕೂರಿಸಿತು. ಆದರೆ ಕಾಗದ ಜಾರುತ್ತಿತ್ತು. ಕ್ಷಣಕಾಲ ಹಿಂಜರಿದು, ಅಕ್ಕನ ಮುಖವನ್ನು ನೋಡದೆ, ತಂಗಿ ಆ ಸೋತ ಕೈಯನ್ನು ಶಾಲಿನಿಂದ ತೆಗೆದು ಕಲ್ಲಿನಂತೆ ಕಾಗದದ ಮೇಲಿಟ್ಟಳು. ದೋಣಿ ಆಯಿತು. ಮೇಡಂ ಏನೂ ಕಂಡಿಲ್ಲದವರಂತೆ ಮತ್ತೊಂದು ಕಾಗದ ತೆಗೆದುಕೊಂಡು ಮತ್ತೊಮ್ಮೆ ಕೆಡಿಸಿದರು.

ಎಂಥ ಜಾಣ ಉಪಾಯ ಎಂದು ಮುಂದೆ ಎಲ್ಲರೂ ಹೊಗಳಿದಾಗ ಅವರಿಗೆ ಸಿಟ್ಟೇ ಬರುತ್ತಿತ್ತು. "ಉಪಾಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ನಿಜವಾಗ್ಲೂ ಬರ್ತಿರ್ಲಿಲ್ಲ ಕಣ್ರೀ!"

ಕಲಿತ ಮೇಲೆ ಸುಮ್ಮನಿರುವ ಜಾಯಮಾನ ಅವರದಲ್ಲ. ಗ್ರಂಥಪಾಲಕರನ್ನು ಕಾಡಿ ಕೋಣೆ ಪಡೆದರು. ಕೈ ನಡುಗುವವರು, ಮನೆಯಲ್ಲಿ ಬೇಸರ ಬಂದವರು, ತಮಗೆ ಏನೂ ಬರುವುದಿಲ್ಲ ಎಂದು ನಂಬಿದವರು ಬಂದು ಕೂಡಿದರು. ತಂಗಿ ಮೊದಮೊದಲು ಬಾಗಿಲ ಬಳಿ ಕೂತಳು. ಅಕ್ಕ ಕಲಿಸುವ ರೀತಿಯನ್ನು ಅಷ್ಟು ದೂರದಿಂದ ಬೈಯಲಾಗದೆ ಮುಂದಿನ ಬೆಂಚಿಗೆ ಬಂದಳು. ಆಕೆಯ ಬಲಗೈ ಹೆಬ್ಬೆರಳು ಮೆಲ್ಲಗೆ ಮಡಿಕೆ ಒತ್ತಲು ಕಲಿಯಿತು.

ಒಂದು ಶನಿವಾರ ಕಪ್ಪೆಗಳ ಪಂದ್ಯ ನಡೆಯಿತು. ಬೆನ್ನು ಒತ್ತಿ ಬಿಟ್ಟರೆ ನೆಗೆಯುವ ದಪ್ಪ ಕಾಗದದ ಕಪ್ಪೆಗಳು ಸಾಲಾಗಿ ನಿಂತವು. ತಂಗಿಯ ಕಪ್ಪೆ ಪೂರ್ತಿ ಅವಳದೇ, ಎರಡೂ ಕೈಗಳದು. ಆದ್ದರಿಂದಲೇ ಒಂದು ಕಾಲು ಗಿಡ್ಡ. ಮೇಡಂ ಆವೇಶದಲ್ಲಿ ಇದು ಗ್ರಂಥಾಲಯವೆಂಬುದನ್ನೇ ಮರೆತು ಸೀಟಿ ಊದಿದರು. ಗ್ರಂಥಪಾಲಕರು ಚಹಾ ಲೋಟ ಹಿಡಿದುಕೊಂಡೇ ಮೆಟ್ಟಿಲೇರಿ ಓಡಿ ಬಂದು, "ಏನ್ರೀ ಇದು ಮೇಡಂ!" ಎನ್ನುವುದಕ್ಕೂ ತಂಗಿ ಬಲಗೈ ಬೆರಳಿನಿಂದ ಕಪ್ಪೆಯ ಬೆನ್ನೊತ್ತುವುದಕ್ಕೂ ಸರಿಹೋಯಿತು. ಗಿಡ್ಡ ಕಾಲಿನ ಕಪ್ಪೆ ಗುರಿ ಬಿಟ್ಟು ಓರೆಯಾಗಿ ಹಾರಿ, ನೇರವಾಗಿ ಚಹಾದೊಳಗೆ ಬಿತ್ತು. ಲೋಟದೊಳಗೆ ಇಣುಕಿದ ಗ್ರಂಥಪಾಲಕರು ಗಂಭೀರವಾಗಿ, "ಈಜು ಬರಲ್ಲ ಇದಕ್ಕೆ" ಎಂದರು. ತಂಗಿ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಮೇಡಂ ಮಾತ್ರ ಕಿಟಕಿಯತ್ತ ತಿರುಗಿ, ಅಗತ್ಯವೇ ಇಲ್ಲದೆ ಬಹಳ ಹೊತ್ತು ಕನ್ನಡಕ ಒರೆಸಿದರು.

ಹೊಲಿಗೆಗೆ ಆ ಕೈ ಮರಳಲಿಲ್ಲ. ತನ್ನ ಗುಂಡಿಗಳನ್ನು ತಾನೇ ಹಾಕಿಕೊಳ್ಳುವಷ್ಟು ಮರಳಿತು, ಅಕ್ಕನ ತಲೆಗೆ ಮೊಟಕುವಷ್ಟು ಮರಳಿತು. ಮನೆ ಮತ್ತೆ ಗಲಾಟೆಯ ಮನೆಯಾಯಿತು.

ನಿಪುಣರನ್ನು ಕಂಡರೆ ನಮಗೆ ಗೌರವ ಹುಟ್ಟುತ್ತದೆ, ಆದರೆ ಅವರ ಮುಂದೆ ನಮ್ಮ ಕೈ ತಾನಾಗಿ ಹಿಂದೆ ಸರಿಯುತ್ತದೆ. ಲೋಕದಲ್ಲಿ ಇನ್ನೊಂದು ಜಾತಿಯ ಜನರಿದ್ದಾರೆ: ಬಾರದ ಕೆಲಸವನ್ನು ನಾಲ್ಕು ಜನರೆದುರು ನಿರ್ಲಜ್ಜೆಯಿಂದ, ಸಂತೋಷದಿಂದ ಮಾಡುವವರು. ಅವರಿಂದ ಕಲೆ ಬೆಳೆಯುತ್ತದೆಯೋ ಇಲ್ಲವೋ ಕಾಣೆ. ಅವರ ಪಕ್ಕ ಕೂತವರು ಮಾತ್ರ, ಇವರಿಗಿಂತ ನಾನೇ ವಾಸಿ ಎಂದುಕೊಂಡು, ಧೈರ್ಯವಾಗಿ ಒಂದು ಕಾಗದ ಎತ್ತಿಕೊಳ್ಳುತ್ತಾರೆ.